ಹಗುರಾದ ಸ್ಟೇರಿಂಗ್

ಗೆಳೆಯನ ಹಳೇ ಸ್ಪೋರ್ಟ್ಸ್ ಕಾರಿಗೆ ಒಂದು ಕಾಯಿಲೆ. ಕೊಪ್ಪಳದ ಊರೊಳಗೆ ಬಲು ಸಾಧು. ಹೆದ್ದಾರಿಗೆ ಬಂದು ನೂರರ ಹತ್ತಿರ ಹೋದರೆ ಮಾತ್ರ ಸ್ಟೇರಿಂಗ್ ಹಗುರ. ತಿರುಗಿಸಿದರೆ ಮೂತಿ ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಟೈರ್ ಬದಲಿಸಿದ, ಅಲೈನ್‌ಮೆಂಟ್ ಮಾಡಿಸಿದ, ಏನೂ ಆಗಲಿಲ್ಲ.

ಭಾನುವಾರ ಗ್ಯಾರೇಜಿನ ಮಿಸ್ತ್ರಿ ಅಣ್ಣ ಕೆಳಗೆ ಬಗ್ಗಿ ನೋಡಿ ನಕ್ಕರು. "ಇದಕ್ಕ ಗದ್ದನಾ ಇಲ್ಲಲ್ರೀ!" ಬಂಪರ್ ಕೆಳಗಿನ ಪ್ಲಾಸ್ಟಿಕ್ ತುಟಿ ಯಾವುದೋ ಹಂಪ್‌ಗೆ ಬಡಿದು ಕಿತ್ತುಹೋಗಿತ್ತು. ತುಕ್ಕು ಹಿಡಿದ ಎರಡು ಸ್ಕ್ರೂ ಮಾತ್ರ ಉಳಿದಿದ್ದವು. ಆ ತುಟಿ ಇಲ್ಲದಿದ್ದರೆ ಗಾಳಿ ಕಾರಿನ ಕೆಳಗೆ ನುಗ್ಗಿ ಮೂತಿ ಎತ್ತುತ್ತೆ, ಮುಂದಿನ ಚಕ್ರದ ಹಿಡಿತ ಸಡಿಲಾಗುತ್ತೆ. ಸಾಲದ್ದಕ್ಕೆ ನಮ್ಮ ಗೆಳೆಯ ಷೋಕಿಗೆ ಹಿಂದೆ ದೊಡ್ಡ ರೆಕ್ಕೆ ಬೇರೆ ಹಾಕಿಸಿದ್ದ. ಅದು ಹಿಂದಿನ ಚಕ್ರದಿಂದಾಚೆ ಕೂತು ಒತ್ತಿದರೆ ಮುಂದಿನ ಭಾಗ ಏಳುತ್ತೆ, ಏತದ ಹಾಗೆ. (ಡಿಕ್ಕಿಯಲ್ಲಿ ಗಂಗಾವತಿ ಅಕ್ಕಿಯ ಮೂಟೆ ಇದ್ದದ್ದು ಬೇರೆ ಕತೆ.)

ವೇಗ ಎರಡು ಪಟ್ಟಾದರೆ ಗಾಳಿ ಎತ್ತುವ ಬಲ ನಾಲ್ಕು ಪಟ್ಟು. ಅದಕ್ಕೇ 50ರಲ್ಲಿ ಗೊತ್ತಾಗದ್ದು 100ರಲ್ಲಿ ಕೈಗೆ ಸಿಗುತ್ತೆ. 1999ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಕಾರ್ ರೇಸಿನಲ್ಲಿ ಮರ್ಸಿಡಿಸ್ ಸಿಎಲ್‌ಆರ್ ಕಾರುಗಳು ಮೂತಿ ಎತ್ತಿ ಗಾಳಿಯಲ್ಲೇ ಪಲ್ಟಿ ಹೊಡೆದಿದ್ದವಲ್ವಾ, ಅದು ಇದರ ದೊಡ್ಡಣ್ಣ.

ನಮ್ಮ ಕಡೆ ಬೇಸಿಗೆ ಗಾಳಿಗೆ ತಗಡು ಹಾರದಿರಲಿ ಅಂತ ಮೇಲೆ ಕಲ್ಲು ಹೇರುತ್ತಾರೆ. ಕಾರಿನ ಮೇಲೆ ಕಲ್ಲು ಹೇರೋಕಾಗಲ್ಲ, ಕೆಳಗೆ ನುಗ್ಗುವ ಗಾಳಿಯನ್ನೇ ತಡೀಬೇಕು.

ಹೊಸ ತುಟಿ ಹಾಕಿಸಿದೆವು. ಮೂತಿ ಈಗ ಹೇಳಿದ ಮಾತು ಕೇಳುತ್ತೆ. ರೆಕ್ಕೆ ಬಿಚ್ಚುವಾಗ ಅವನ ಮುಖ ನೋಡಬೇಕಿತ್ತು! ಅದೀಗ ಅವರ ಮಾಳಿಗೆ ಮೇಲಿದೆ. ಅವರವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.