ಹೆಣ್ಣಾಳು 9

ಆಗಸ್ಟ್‌ನಲ್ಲಿ ಕೊಡಗಿನ ನಮ್ಮ ಸುಂಟಿಕೊಪ್ಪ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರೂ ಕೈಕೊಟ್ಟಿತು. ಅಣ್ಣನ ಮಗಳು ಬಿಟ್ಟುಹೋಗಿದ್ದ ದಪ್ಪ ಇಂಗ್ಲಿಷ್ ಕಾದಂಬರಿಯೊಂದನ್ನು ಟಾರ್ಚ್ ಹಿಡಿದು ಓದಿ ಮುಗಿಸಿದೆ. ಪಿಪ್ ವಿಲಿಯಮ್ಸ್ ಬರೆದ ‘ದಿ ಡಿಕ್ಷನರಿ ಆಫ್ ಲಾಸ್ಟ್ ವರ್ಡ್ಸ್’, 2020ರದ್ದು. ಲೇಖಕಿ ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ, ಈಗಿರುವುದು ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟಗಳಲ್ಲಿ. ಬೆಟ್ಟದ ಹೆಂಗಸು ಅಂತ ಗೊತ್ತಾದಾಗ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ ಬಂತು.

ಕಥೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ತಯಾರಾಗುತ್ತಿದ್ದ ಕಾಲದ್ದು. ಮೊದಲ ಕಂತು ಬಂದಿದ್ದು 1884ರಲ್ಲಿ, ಕೆಲಸ ಮುಗಿದಿದ್ದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಮನೆಯ ತೋಟದಲ್ಲೇ ತಗಡಿನ ಶೆಡ್ ಹಾಕಿಸಿದ್ದ. ಜನ ಪದಗಳನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ‘ಬಾಂಡ್‌ಮೇಯ್ಡ್’ ಅನ್ನುವ ಪದ ಬಿಟ್ಟುಹೋಗಿದೆ ಅಂತ 1901ರಲ್ಲಿ ಬೆಳಕಿಗೆ ಬಂತು. ಇಷ್ಟೂ ನಿಜ. ಚೀಟಿ ಎಲ್ಲಿ ಹೋಯಿತು ಅನ್ನುವುದು ಮಾತ್ರ ಕಾದಂಬರಿ. ಮೇಜಿನ ಕೆಳಗೆ ಕೂತಿದ್ದ ಎಸ್ಮೆ ಎಂಬ ಪುಟ್ಟ ಹುಡುಗಿ ಕೆಳಗೆ ಬಿದ್ದ ಚೀಟಿಯನ್ನು ಎತ್ತಿಕೊಂಡು, ಮನೆಗೆಲಸದ ಲಿಜ್ಜಿಯ ಟ್ರಂಕಿನಲ್ಲಿ ಬಚ್ಚಿಡುತ್ತಾಳೆ. ದೊಡ್ಡವಳಾದ ಮೇಲೆ ಲಿಜ್ಜಿಯ ಬಾಯಿಂದ, ಮಾರ್ಕೆಟ್ಟಿನ ಮುದುಕಿ ಮೇಬಲ್ ಬಾಯಿಂದ ಪದ ಬರೆದುಕೊಳ್ಳುತ್ತಾಳೆ. ಅಚ್ಚಾದ ಪುಸ್ತಕದಲ್ಲಿ ಸಿಗದ ಪದಕ್ಕೆ ನಿಘಂಟಿನಲ್ಲಿ ಜಾಗ ಇಲ್ಲ. ಪುಸ್ತಕ ಬರೆಯುವವರಲ್ಲಿ ಗಂಡಸರೇ ಜಾಸ್ತಿ. ಮೇಬಲ್ ಬೈಗುಳ ಅಲ್ಲಿಗೆ ಹೇಗೆ ಹೋದೀತು?

ಬಾಂಡ್‌ಮೇಯ್ಡ್ ಅಂದರೆ ನಮ್ಮ ತೊತ್ತು. ಓದುವಾಗ ಅತ್ತೆಯ ನೆನಪು ಬಂತು. ಸಿಟ್ಟು ಬಂದರೆ ಅನ್ನದ ಪಾತ್ರೆಯನ್ನು ಧಡ್ ಅಂತ ಇಳಿಸಿ, “ನಾನೇನು ಈ ಮನೆ ತೊತ್ತಾ?” ಅನ್ನುತ್ತಿದ್ದರು. ಉತ್ತರ ಕೊಟ್ಟವರನ್ನು ನಾನು ಕಾಣೆ.

ಪುಸ್ತಕದ ಮೇಲೆ ನನಗೆ ತಕರಾರೂ ಇದೆ. ಕೊನೆಯ ಭಾಗದಲ್ಲಿ ಮಹಾಯುದ್ಧ ಬಂದು ಸಾವಿನ ಮೇಲೆ ಸಾವು. ಎಸ್ಮೆ ತುಂಬಾ ಒಳ್ಳೆಯವಳು, ಒಮ್ಮೆಯಾದರೂ ಸಣ್ಣತನ ತೋರಿಸಬಾರದಿತ್ತಾ ಅನ್ನಿಸಿತು. ಅವಳು ಪದ ಬರೆದುಕೊಂಡು ಹೋಗುತ್ತಾಳೆ, ಒಲೆ ಮುಂದೆ ನಿಲ್ಲುವವಳು ಮಾತ್ರ ಲಿಜ್ಜಿಯೇ.

(ನಮ್ಮ ಕೊಡಗಿನ ಗೌರಮ್ಮನವರನ್ನು ನೋಡಿ. ಹೆಂಗಸರ ಬದುಕಿನ ಬಗ್ಗೆ ಅಷ್ಟು ಚಂದದ ಕಥೆ ಬರೆದು, ಕೆಳಗೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ ಸಹಿ ಹಾಕುತ್ತಿದ್ದರು. 1939ರಲ್ಲಿ ತೀರಿಕೊಂಡಾಗ ಬರೀ 27 ವರ್ಷ.)

ಐದನೇ ದಿನ ಕರೆಂಟ್ ಬಂತು. ಅಟ್ಟದಲ್ಲಿ ಸೋರುತ್ತಿದ್ದ ಕಡೆ ಬಕೆಟ್ ಇಡಲು ಹೋದವಳಿಗೆ ಮಾವನವರ ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. ಕೆಂಪು ಬಟ್ಟೆ ರಟ್ಟು, ಮೂಲೆಗೆ ಗೆದ್ದಲು. ಜನವರಿಯ ಕಾಫಿ ಕುಯ್ಲಿನ ಒಂದು ಪುಟ: ‘ಗಂಡಾಳು 4, ಹೆಣ್ಣಾಳು 9.’ ಮರುದಿನ ‘ಹೆಣ್ಣಾಳು 8’. ಅವತ್ತು ಬರದೇ ಇದ್ದವಳು ಯಾರು? ಮಗು ಹೆತ್ತಳಾ, ಜ್ವರವಾ? ಪುಟ ತಿರುವಿದರೂ ಇಲ್ಲ. ಆದರೆ ನಮ್ಮ ಜೀಪಿಗೆ, ನಾಯಿಗೆ ಅದರಲ್ಲಿ ಹೆಸರಿದೆ.

ಮಾವನವರ ಕಾಲ ಬಿಡಿ. ಈಗ ಪುಸ್ತಕ ಬರೆಯುವವಳು ನಾನು. ಎದ್ದು ಹೋಗಿ ನನ್ನದನ್ನು ತೆಗೆದು ನೋಡಿದೆ. ‘ಹೆ. ಆಳು 5.’

ಮರುದಿನ ಚಿಗುರು ತೆಗೆಯಲು ಬಂದವರಲ್ಲಿ 22 ವರ್ಷದಿಂದ ನಮ್ಮಲ್ಲಿ ಬರುವವಳೊಬ್ಬಳಿದ್ದಳು. (ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುತ್ತಿಲ್ಲ.) ಪ್ಲಾಸ್ಟಿಕ್ ಕೊಪ್ಪೆ ತೆಗೆದು ಕಾಫಿ ಕುಡಿಯಲು ಕೂತಾಗ ನಾನೂ ಎಸ್ಮೆ ಥರ ಪೆನ್ನು, ಚೀಟಿ ಹಿಡಿದು ಹೋದೆ.

“ಗಿಡದಡಿ ಉದುರಿದ ಕಾಫಿ ಎತ್ತೋದಕ್ಕೆ ನೀವು ನಿಮ್ಮ ನಿಮ್ಮಲ್ಲೇ ಏನಂತೀರಿ?”

ಅವಳು ನನ್ನ ಕೈಯ ಚೀಟಿ ನೋಡಿದಳು. “ಹೆಕ್ಕೋದಕ್ಕೆ ಹೆಕ್ಕೋದು ಅಂತೀವಿ ಅಕ್ಕ, ಇನ್ನೇನು ಹೇಳ್ತಾರೆ?” ಪಕ್ಕದವರು ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು, “ಬರೀತಿದೀರಲ್ಲ, ಈ ಸಲ ಹೆಕ್ಕೋದಕ್ಕೆ ಕೂಲಿ ಎಷ್ಟು ಅಂತಾನೂ ಬರ್ದ್ಬಿಡಿ. ಬಗ್ಗಿ ಬಗ್ಗಿ ಸೊಂಟ ಹೋಗ್ತದೆ, ಕುಯ್ಯೋರಿಗಿಂತ ಕಡಿಮೆ ಯಾಕೆ?”

ಪೆನ್ನು ಮುಚ್ಚಿದೆ.

“ಇವರನ್ನ ಕೇಳಿ ಹೇಳ್ತೀನಿ” ಅಂದೆ.