ಓಕ್ವಿ ಎನ್ವೆಜರ್: ದಾಖಲೆಗಳನ್ನು ಗೋಡೆಗೇರಿಸಿದ ಕ್ಯುರೇಟರ್

ಸಮಕಾಲೀನ ಕಲಾಪ್ರದರ್ಶನಗಳನ್ನು ಯೋಜಿಸಿ ರೂಪಿಸುವ ಕ್ಯುರೇಟರ್‌ಗಳ ಪೈಕಿ ನಾನು ಹೆಚ್ಚು ಗಮನವಿಟ್ಟು ಓದಿರುವುದು ಓಕ್ವಿ ಎನ್ವೆಜರ್ ಅವರ ಕೆಲಸವನ್ನು. 1963ರಲ್ಲಿ ನೈಜೀರಿಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ರಾಜ್ಯಶಾಸ್ತ್ರ ಓದಿದ ಅವರು ಕಲಾ ಇತಿಹಾಸದ ಪದವಿಯಿಲ್ಲದೆಯೇ ಈ ಕ್ಷೇತ್ರಕ್ಕೆ ಬಂದರು. 2002ರ ಡಾಕ್ಯುಮೆಂಟಾ 11 ಎಂಬ ಬೃಹತ್ ಸಮಕಾಲೀನ ಕಲಾಪ್ರದರ್ಶನವನ್ನು ಜರ್ಮನಿಯ ಕಾಸೆಲ್ ನಗರಕ್ಕಷ್ಟೇ ಸೀಮಿತಗೊಳಿಸದೆ, ವಿಯೆನ್ನಾ, ನವದೆಹಲಿ, ಸೇಂಟ್ ಲೂಸಿಯಾ, ಲಾಗೋಸ್ ಮುಂತಾದೆಡೆ ಮೊದಲೇ ವಿಚಾರಗೋಷ್ಠಿಗಳನ್ನು ನಡೆಸಿ, ಕಲಾಪ್ರದರ್ಶನವನ್ನು ಆ ಚರ್ಚೆಗಳ ಕೊನೆಯ ಕಂತಾಗಿಸಿದರು.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಛಾಯಾಚಿತ್ರ ಮತ್ತು ದಾಖಲೆಗಳ ಬಗ್ಗೆ ಅವರಿಗಿದ್ದ ಸಂಶೋಧನಾಸಕ್ತಿ. 2008ರಲ್ಲಿ ನ್ಯೂಯಾರ್ಕ್‌ನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೊಗ್ರಫಿಯಲ್ಲಿ ಅವರು ರೂಪಿಸಿದ ಪ್ರದರ್ಶನದಲ್ಲಿ, ಜರ್ಮನ್ ಕಲಾವಿದ ಹಾನ್ಸ್-ಪೀಟರ್ ಫೆಲ್ಡ್‌ಮನ್ ಸಂಗ್ರಹಿಸಿದ್ದ, ನ್ಯೂಯಾರ್ಕ್‌ನ ಅವಳಿ ಗೋಪುರಗಳ ಮೇಲಿನ ದಾಳಿಯ ಮರುದಿನವಾದ ಸೆಪ್ಟೆಂಬರ್ 12, 2001ರ ನಾನಾ ದೇಶಗಳ ಪತ್ರಿಕೆಗಳ ಮುಖಪುಟಗಳನ್ನು ಗೋಡೆಗೆ ಸಾಲಾಗಿ ಹಾಕಲಾಗಿತ್ತು. ಭಾಷೆ, ಲಿಪಿ, ತಲೆಬರಹದ ಗಾತ್ರಗಳು ಬೇರೆಯಾದರೂ ಉರಿಯುವ ಗೋಪುರಗಳ ಚಿತ್ರ ಪುಟದಿಂದ ಪುಟಕ್ಕೆ ಮರುಕಳಿಸುತ್ತದೆ. ಸುದ್ದಿಚಿತ್ರವು ಯಾವ ಘಳಿಗೆಯಲ್ಲಿ ಚರಿತ್ರೆಯ ದಾಖಲೆಯಾಗುತ್ತದೆ, ಆ ಆಯ್ಕೆ ಯಾರದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಮುಂದೆ ಮ್ಯೂನಿಕ್‌ನ ಹೌಸ್ ಡೆರ್ ಕುನ್ಸ್ಟ್‌ ಕಲಾ ಸಂಗ್ರಹಾಲಯದ ನಿರ್ದೇಶಕರಾದ ಅವರು 2015ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನವನ್ನೂ ನಿರ್ವಹಿಸಿ, 2019ರಲ್ಲಿ ತೀರಿಕೊಂಡರು. ಅವರ ಪ್ರದರ್ಶನಗಳು ನೋಟಕ್ಕಿಂತ ಓದನ್ನೇ ಹೆಚ್ಚು ಬೇಡುತ್ತವೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಆದರೆ ದಾಖಲೆಗಳನ್ನು ಓದದೆ ನೋಡುವುದಾದರೂ ಹೇಗೆ?