ಮೈಕ್ ಆನ್ ಆಯ್ತು, ಆಫ್ ಆಯ್ತು

ಮಂಗಳವಾರದ ಕಾಲ್‌ನಲ್ಲಿ ನಡೆದದ್ದು ಇಷ್ಟೇ. ನಮ್ಮ ಟೀಮಿನ ಲೀಡ್ ಸಾಹೇಬ್ರು ಕೊನೇ ಸ್ಲೈಡಿಗೆ ಬಂದು, ರಿಲೀಸ್ ಮಾರ್ಚ್ ಕೊನೇ ವಾರ, ಯಾರಿಗಾದ್ರೂ ತೊಂದ್ರೆ ಇದ್ಯಾ ಅಂತ ಕೇಳಿದ್ರು. ಟೋಕಿಯೋದಿಂದ ಸೇರ್ಕೊಂಡಿದ್ದ ಸಹೋದ್ಯೋಗಿಯ ಚೌಕದಲ್ಲಿ ಮೈಕಿನ ಮೇಲಿದ್ದ ಕೆಂಪು ಗೆರೆ ಹೋಯ್ತು. ಆಕೆ ಉಸಿರು ಎಳ್ಕೊಂಡ ಸದ್ದೂ ಕೇಳಿಸ್ತು. ಅಷ್ಟರಲ್ಲಿ "ಸರಿ, ಹಾಗಾದ್ರೆ ಎಲ್ರೂ ಒಪ್ಪಿದ ಹಾಗಾಯ್ತು" ಅಂದ್ಬಿಟ್ರು ಲೀಡ್, ಕೆಂಪು ಗೆರೆ ವಾಪಸ್ ಬಂತು, ಥ್ಯಾಂಕ್ಯೂ ಬೈ ಬೈ, ಕಾಲ್ ಮುಗೀತು.

ಮಾರನೇ ದಿನ ಟೋಕಿಯೋದಿಂದ ಮೇಲ್, ಆ ವಾರ ಆಗಲ್ಲ ಅಂತ. ಅಲ್ಲಿ ಹೆಚ್ಚಿನ ಕಂಪನಿಗಳ ಲೆಕ್ಕದ ವರ್ಷ ಮುಗಿಯೋದೇ ಮಾರ್ಚ್ 31ಕ್ಕೆ, ಲೆಕ್ಕ ಕ್ಲೋಸ್ ಮಾಡೋ ಹೊತ್ತಲ್ಲಿ ನಮ್ಮ ಗ್ರಾಹಕರು ಅವರ ಸಿಸ್ಟಮ್ಮಿಗೆ ಹೊಸದೇನನ್ನೂ ಹಾಕೋಕೆ ಬಿಡಲ್ಲ. ಕಾರಣ ನ್ಯಾಯವಾಗೇ ಇದೆ. ಆದ್ರೆ ಆಮೇಲೆ ಲೀಡ್ ನನಗೆ ಫೋನ್ ಮಾಡಿ ಹೇಳಿದ ಮಾತಿದ್ಯಲ್ಲ, ಅದು ತಲೇಲಿ ಕೂತ್ಬಿಟ್ಟಿದೆ. "ನೋಡಿದ್ರಾ, ಟ್ರೈನಿಂಗಲ್ಲಿ ಹೇಳಿದ್ರಲ್ಲ, ಜಪಾನಿನೋರು ಮೀಟಿಂಗಲ್ಲಿ ಆಗಲ್ಲ ಅನ್ನೋದೇ ಇಲ್ಲ, ಅವರ ಕಲ್ಚರ್ ಅದು." ದನಿಯಲ್ಲಿ ಸಿಟ್ಟಿರಲಿಲ್ಲ, ಬದಲಿಗೆ ಓದ್ಕೊಂಡು ಹೋಗಿದ್ದ ಪ್ರಶ್ನೆನೇ ಪರೀಕ್ಷೇಲಿ ಬಂದಾಗಿನ ಖುಷಿ ಇತ್ತು.

ಈ ಮನುಷ್ಯ ಯಾವ ದೇಶದೋರು ಅಂತ ಬೇಕಂತಲೇ ಬರೀತಿಲ್ಲ. ಬರೆದ್ರೆ ನೀವು ತಕ್ಷಣ "ಓ, ಆ ಕಡೆಯೋರು ಹಂಗೇ ಬಿಡಿ" ಅಂತೀರಾ, ನಾನು ಯಾವುದರ ಬಗ್ಗೆ ಗೊಣಗ್ತಿದೀನೋ ಅದನ್ನೇ ನೀವೂ ಮಾಡಿದ ಹಾಗಾಗುತ್ತೆ. ಕೆಟ್ಟೋರಲ್ಲ. ಎಲ್ಲರ ಹೆಸರನ್ನೂ ಸರಿಯಾಗಿ ಉಚ್ಚರಿಸೋಕೆ ಕಷ್ಟಪಡ್ತಾರೆ, ಯಾರ ದೇಶದಲ್ಲಿ ಯಾವಾಗ ರಜೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಂಡಿರ್ತಾರೆ. ಓದೋದೊಂದು ಬಿಟ್ಟು ಎಲ್ಲಾ ಮಾಡ್ತಾರೆ.

ಯಾಕಂದ್ರೆ ಆಮೇಲೆ ನಾನು ಪ್ಲಾನ್ ಡಾಕ್ಯುಮೆಂಟ್ ತೆಗೆದು ನೋಡ್ದೆ. ಆ ರಿಲೀಸ್ ತಾರೀಖಿನ ಪಕ್ಕದಲ್ಲೇ ಆಕೆಯ ಕಾಮೆಂಟ್ ಇದೆ! ಕಾಲ್‌ಗಿಂತ ಎಷ್ಟೋ ಮುಂಚೆ ಹಾಕಿದ್ದು, ಲೀಡ್ ಹೆಸರನ್ನ ಟ್ಯಾಗ್ ಮಾಡಿ, ವರ್ಷಾಂತ್ಯದ ವಿಷಯ ಬರೆದು, ಯಾವ ಗ್ರಾಹಕರಿಗೆ ತೊಂದ್ರೆ ಅಂತ ಬರೆದು, ಏಪ್ರಿಲ್ ಎರಡನೇ ವಾರ ಆದ್ರೆ ಆಗುತ್ತೆ ಅಂತ ಬೇರೆ ತಾರೀಖನ್ನೂ ಕೊಟ್ಟಿದಾರೆ. ಅದಕ್ಕಿಂತ ನೇರವಾಗಿ ಯಾವ ದೇಶದೋರು ಹೇಳ್ತಾರೆ ಹೇಳಿ? ಕೆಳಗೆ ಒಂದೇ ಒಂದು ರಿಪ್ಲೈ ಇಲ್ಲ.

ಅಂದ್ರೆ ಆಕೆ ಹೇಳಿದ್ರು. ಈ ಕಡೆಯೋರು ನೋಡ್ಲಿಲ್ಲ. ನೋಡದೇ ಇದ್ದದ್ದಕ್ಕೆ ಹೆಸರು ಜಪಾನಿನ ಕಲ್ಚರ್.

ಚಾಟಲ್ಲಿ ಕೇಳ್ದೆ, ಅವತ್ತು ಮೈಕ್ ಆನ್ ಮಾಡಿದ್ರಲ್ಲ, ಏನ್ ಹೇಳೋಕೆ ಹೊರಟಿದ್ರಿ ಅಂತ. "ಬರೆದಿದ್ದೆನಲ್ಲ, ಅದನ್ನ ಓದಿಯೇ ಬೇರೆ ಏನೋ ದಾರಿ ಯೋಚಿಸಿರ್ತಾರೆ ಅಂದ್ಕೊಂಡೆ, ಆ ದಾರಿ ಏನು ಅಂತ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಮೀಟಿಂಗೇ ಮುಗಿದುಹೋಯ್ತು" ಅಂದ್ರು. ಅವರಿಗೆ ಆಗ ರಾತ್ರಿ ಹನ್ನೊಂದು ದಾಟಿತ್ತು ಅನ್ನೋದನ್ನೂ ಸೇರಿಸ್ಕೊಳ್ಳಿ. ನಮ್ಮ ಕಾಲ್ ಯಾವಾಗ್ಲೂ ಅದೇ ಹೊತ್ತಿಗೆ, ಲೀಡ್ ಊಟ ಮುಗಿಸಿ ಕಾಫಿ ಕುಡೀತಾ ಕೂರೋ ಹೊತ್ತಿಗೆ.

ಈಗ ಆ ಟ್ರೈನಿಂಗ್ ವಿಷಯ. ಹಲವು ದೇಶದೋರು ಜೊತೆಗಿರೋ ಇಂಥ ಕಡೆ ಕೆಲಸ ಮಾಡಿರೋರಿಗೆಲ್ಲ ಗೊತ್ತು, ದೇಶಕ್ಕೊಂದು ಸ್ಲೈಡ್, ಸ್ಲೈಡಿಗೊಂದು ಬಾವುಟ. ಜರ್ಮನರು ನೇರ, ಜಪಾನೀಯರು ಮೌನ, ಭಾರತೀಯರು ಎಲ್ಲದಕ್ಕೂ ಹೂಂ. ನಮ್ಮ ಸ್ಲೈಡ್ ಬಂದಾಗ ಎಲ್ರೂ ನನ್ನ ಕಡೆ ನೋಡಿ ನಕ್ಕಿದ್ರು, ನಾನು ಅಲ್ಲ ಅಂದ್ರೂ ಕಷ್ಟ, ಹೌದಂದ್ರೆ ಇನ್ನೂ ಕಷ್ಟ. ಆಮೇಲೆ ದೇಶದೇಶಗಳ ಸಂಸ್ಕೃತಿಯನ್ನ ಅಂಕಿಯಲ್ಲಿ ಅಳೆದ ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರ ಅಂಕಿಗಳು, ಮೇಲಿನೋರು ಕೆಳಗಿನೋರ ಅಂತರವನ್ನ ಯಾವ ದೇಶ ಎಷ್ಟು ಒಪ್ಕೊಳ್ಳುತ್ತೆ ಅಂತ ಒಂದು ಬಾರ್ ಚಾರ್ಟ್. ಆ ಅಂಕಿಗಳ ಮೂಲ ಐಬಿಎಂ ಅನ್ನೋ ಒಂದೇ ಕಂಪನಿಯ ನೌಕರರು 1967ರಿಂದ 1973ರ ನಡುವೆ ತುಂಬಿಕೊಟ್ಟ ಪ್ರಶ್ನಾವಳಿಗಳು, ಮತ್ತೆ ದೇಶದ ಅಂಕಿ ಇಟ್ಕೊಂಡು ಒಬ್ಬ ವ್ಯಕ್ತಿಯನ್ನ ಅಳೀಬೇಡಿ ಅಂತ ಅವರೇ ಎಚ್ಚರಿಸಿದ್ರು. ಟ್ರೈನರ್ ಇದೆರಡನ್ನೂ ಹೇಳ್ಲಿಲ್ಲ. ಹೇಳಿದ್ರೆ ಬಾರ್ ಚಾರ್ಟಿನ ಗತ್ತು ಸ್ವಲ್ಪ ಇಳೀತಿತ್ತೇನೋ.

ಟ್ರೈನರಿನ ದೊಡ್ಡ ಅಸ್ತ್ರ ಅಂದ್ರೆ ವಿಮಾನ ಅಪಘಾತದ ಕಥೆ. 1990ರ ಜನವರಿ 25, ಕೊಲಂಬಿಯಾದಿಂದ ಹೊರಟ ಏವಿಯಾಂಕಾ 52 ನ್ಯೂಯಾರ್ಕಿಗೆ ಬರೋ ದಾರೀಲಿ, ಇಳಿಯೋಕೆ ಜಾಗ ಇಲ್ಲ ಅಂತ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತಿ, ಇಂಧನ ಮುಗಿದು ಬಿತ್ತು, 73 ಜನ ಸತ್ರು. ಇಂಧನ ಮುಗೀತಾ ಇದೆ ಅಂತ ಕೋಪೈಲಟ್ ಹೇಳಿದ್ದ, ಆದ್ರೆ ಎಮರ್ಜೆನ್ಸಿ ಅಂತ ಘೋಷಿಸ್ಲಿಲ್ಲ. ನೋಡಿ, ದೊಡ್ಡೋರ ಮುಂದೆ ತಗ್ಗಿ ನಡೆಯೋ ಸಂಸ್ಕೃತಿಯಿಂದ ಏನಾಗುತ್ತೆ ಅಂತ ಟ್ರೈನರ್ ನಿಲ್ಲಿಸಿದ್ರು. ರೂಮೆಲ್ಲಾ ಸೈಲೆಂಟ್.

ಮೊನ್ನೆ ಆ ಮೈಕ್ ಪ್ರಸಂಗ ಆದ್ಮೇಲೆ ಇದನ್ನ ಕೂತು ಓದ್ದೆ. ಅಮೆರಿಕದ ತನಿಖಾ ಮಂಡಳಿ ಪೈಲಟ್‌ಗಳ ತಪ್ಪನ್ನ ಹೇಳಿದೆ, ಸರಿ. ಅದರ ಜೊತೆಗೇ, ನ್ಯೂಯಾರ್ಕ್ ಕಡೆ ಬರ್ತಿದ್ದ ವಿಮಾನಗಳ ದಟ್ಟಣೆಯನ್ನ ಸರಿಯಾಗಿ ನಿಭಾಯಿಸದೇ ಇದ್ದದ್ದೂ, ಇಂಧನ ಕಮ್ಮಿ ಇದೆ ಅನ್ನೋದನ್ನ ಪೈಲಟ್ಟೂ ಕಂಟ್ರೋಲರ್ರೂ ಒಂದೇ ಥರ ಅರ್ಥ ಮಾಡ್ಕೊಳ್ಳೋ ಹಾಗೆ ಹೇಳೋ ನಿಗದಿತ ರೀತಿಯೇ ಇಲ್ಲದೇ ಇದ್ದದ್ದೂ ಕಾರಣಗಳು ಅಂತಲೂ ಹೇಳಿದೆ. ಈ ಎರಡನೇ ಭಾಗ ಸ್ಲೈಡಿಗೆ ಬರ್ಲೇ ಇಲ್ಲ.

ಅದಕ್ಕೂ ಹಿಂದೆ, 1978ರ ಡಿಸೆಂಬರ್ 28, ಪೋರ್ಟ್‌ಲ್ಯಾಂಡ್. ಯುನೈಟೆಡ್ ಏರ್‌ಲೈನ್ಸಿನ ವಿಮಾನ 173. ಲ್ಯಾಂಡಿಂಗ್ ಗೇರ್ ಸರಿ ಕೂತಿದ್ಯಾ ಇಲ್ವಾ ಅಂತ ಕ್ಯಾಪ್ಟನ್ ತಲೆ ಕೆಡಿಸ್ಕೊಂಡು ಸುಮಾರು ಒಂದು ಗಂಟೆ ಸುತ್ತಿದ, ಪಕ್ಕದಲ್ಲಿದ್ದೋರು ಇಂಧನದ ಮಾತು ಎತ್ತಿದ್ರು, ಆದ್ರೆ ಗಟ್ಟಿಯಾಗಿ ಹೇಳ್ಲಿಲ್ಲ, ಅವನೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಇಂಧನ ಖಾಲಿ, ವಿಮಾನ ಬಿತ್ತು, 10 ಜನ ಹೋದ್ರು. ಅದು ಅಮೆರಿಕದ್ದೇ ಕಂಪನಿ, ಹಾರ್ತಿದ್ದಿದ್ದೂ ಅಮೆರಿಕದೊಳಗೇ, ಸ್ಲೈಡಿನ ಪ್ರಕಾರ ಮನಸ್ಸಲ್ಲಿದ್ದದ್ದನ್ನ ನೇರ ಹೇಳೋ ಜನರ ದೇಶ! ಅಲ್ಲಿ ಯಾರೂ ಅದಕ್ಕೆ ಅಮೆರಿಕನ್ ಕಲ್ಚರ್ ಅಂತ ಹೆಸರಿಡಲಿಲ್ಲ. ಕಾಕ್‌ಪಿಟ್‌ನಲ್ಲಿ ಜನ ಜೊತೆಯಾಗಿ ಕೆಲಸ ಮಾಡೋ ರೀತಿ ಸರಿ ಇಲ್ಲ ಅಂದ್ರು, 1981ರಲ್ಲಿ ಯುನೈಟೆಡ್ ಅದಕ್ಕೇ ತರಬೇತಿ ಶುರು ಮಾಡ್ತು, ಕೆಳಗಿನೋರಿಗೆ ಹೇಳೋದು ಕಲಿಸಿದ್ರು, ಕ್ಯಾಪ್ಟನ್ನಿಗೆ ಕೇಳೋದು ಕಲಿಸಿದ್ರು. ತಮ್ಮೋರು ಸುಮ್ಮನಿದ್ರೆ ವ್ಯವಸ್ಥೆಯ ದೋಷ, ಬೇರೆಯೋರು ಸುಮ್ಮನಿದ್ರೆ ಸಂಸ್ಕೃತಿ.

ಆ ಮೈಕಿಗೆ ಮತ್ತೆ ಬರ್ತೀನಿ. ಕೆಂಪು ಗೆರೆ ಹೋಗಿ ಬರೋ ಅಷ್ಟರಲ್ಲಿ ಎಷ್ಟು ಹೊತ್ತಾಗಿರಬಹುದು, ಎರಡು ಮೂರು ಸೆಕೆಂಡ್ ಇರಬಹುದಾ? ಜಪಾನಿನೋರು ಉತ್ತರ ಕೊಡೋಕೆ ನಿಧಾನ ಅಂತ ಒಬ್ಬರು ಗ್ರೂಪಲ್ಲಿ ಹಾಕಿದ್ರು. ಹಾಗೇನಿಲ್ಲ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದ ಒಂದು ಅಧ್ಯಯನ ಬಂದಿತ್ತು, ಹೌದು-ಇಲ್ಲ ಅನ್ನೋ ಥರದ ಪ್ರಶ್ನೆ ಕೇಳಿದ ಮೇಲೆ ಉತ್ತರ ಶುರುವಾಗೋಕೆ ಎಷ್ಟು ಹೊತ್ತು ಅಂತ. ಅದರಲ್ಲಿ ಎಲ್ಲರಿಗಿಂತ ಬೇಗ ಉತ್ತರ ಕೊಡೋರು ಜಪಾನೀಯರೇ, ಸರಾಸರಿಯಲ್ಲಿ ಅಂತರವೇ ಇಲ್ಲ ಅನ್ನೋ ಹಾಗೆ. ನಿಧಾನ ಡೇನಿಷ್, ಅದೂ ಅರ್ಧ ಸೆಕೆಂಡಿನ ಒಳಗೇ. ಅವರವರ ಭಾಷೇಲಿ, ಅವರವರ ಸಲಿಗೆಯೋರ ಜೊತೆ ಎಲ್ರೂ ಚುರುಕೇ. ಕಲಿತ ಭಾಷೇಲಿ, ಮಧ್ಯರಾತ್ರಿ ಹತ್ರ, ಬಾಸ್ ಮುಂದೆ, ಮ್ಯೂಟ್ ಬಟನ್ ಹುಡುಕ್ಕೊಂಡು ಮಾತಾಡೋದು ಬೇರೆ ವಿಷಯ.

ಹಾಗಂತ ಸಂಸ್ಕೃತಿ ಅನ್ನೋದೇ ಸುಳ್ಳು ಅಂತಲ್ಲ. ಇದೆ, ಈ ಪ್ರಸಂಗದಲ್ಲೂ ಇದೆ, ಆದ್ರೆ ಲೀಡ್ ಹುಡುಕಿದ ಜಾಗದಲ್ಲಿಲ್ಲ. ಜಪಾನಿನ ಎಷ್ಟೋ ಕಂಪನಿಗಳಲ್ಲಿ ನೆಮವಾಶಿ ಅಂತ ಒಂದು ರೂಢಿ, ಮೀಟಿಂಗಿಗೆ ಮುಂಚೆನೇ ಸಂಬಂಧಪಟ್ಟ ಒಬ್ಬೊಬ್ಬರ ಹತ್ರನೂ ಮಾತಾಡಿ, ತಕರಾರೆಲ್ಲ ಅಲ್ಲೇ ತೀರಿಸಿ, ಮೀಟಿಂಗಲ್ಲಿ ಮುದ್ರೆ ಒತ್ತೋದಷ್ಟೇ. ಆಕೆಗೆ ಆ ಕಾಮೆಂಟೇ ತಕರಾರು ಹೇಳೋ ಜಾಗ, ಕಾಲ್ ಅಂದ್ರೆ ಬರೀ ಮುದ್ರೆ. ಲೀಡಿಗೆ ಕಾಲ್‌ನಲ್ಲಿ ಹೇಳಿದ್ದಷ್ಟೇ ಲೆಕ್ಕ, ಕಾಮೆಂಟ್ ಅಂದ್ರೆ ಕಾಗುಣಿತ ತಿದ್ದೋ ಜಾಗ. ಟ್ರೈನಿಂಗಲ್ಲಿ ಇದನ್ನ ಹೇಳಿದ್ರೆ, ಅಂದ್ರೆ ಯಾವ ಆಫೀಸಲ್ಲಿ ನಿರ್ಧಾರ ಎಲ್ಲಿ ಆಗುತ್ತೆ, ಬೇಡ ಅನ್ನೋದನ್ನ ಎಲ್ಲಿ ಬರೀತಾರೆ, ಯಾರಿಗೆ ಮೊದಲು ಹೇಳ್ತಾರೆ ಅಂತ ಹೇಳಿದ್ರೆ, ಲೀಡ್ ಸಾಹೇಬ್ರು ಆ ಡಾಕ್ಯುಮೆಂಟ್ ತೆಗೀತಿದ್ರು. ಅದರ ಬದಲು ಅವರಿಗೆ ಸಿಕ್ಕಿದ್ದು ಸ್ವಭಾವದ ಪಟ್ಟಿ. ಜಪಾನೀಯರು ಮೌನ ಅಂತ ಗೊತ್ತಿದ್ರೆ ಏನೂ ಮಾಡ್ಬೇಕಾಗಿಲ್ಲ, ಕಾಯೋದೂ ಬೇಡ, ಹುಡುಕೋದೂ ಬೇಡ, ಆಮೇಲೆ ಎಡವಟ್ಟಾದಾಗ ನೆನಪು ಮಾಡ್ಕೊಂಡ್ರೆ ಸಾಕು.

ಇನ್ನೊಂದು ಬೇಜಾರು ಏನಂದ್ರೆ, ಈ ಅರ್ಥ ಮಾಡ್ಕೊಳ್ಳೋ ಕೆಲಸ ಯಾವಾಗ್ಲೂ ಒಂದೇ ಕಡೆಯೋರ ಪಾಲಿಗೆ ಬರುತ್ತೆ. ಲೀಡ್ ಹೇಗೆ ಮಾತು ಮುಗಿಸ್ತಾರೆ, ಯಾವ ಮೇಲಿಗೆ ಉತ್ತರ ಕೊಡ್ತಾರೆ, ಯಾವುದಕ್ಕೆ ಕೊಡಲ್ಲ ಅಂತ ಆಕೆ ಪೂರಾ ಅಧ್ಯಯನ ಮಾಡಿದಾರೆ, ಚಾಟಲ್ಲಿ ಮಾತಾಡುವಾಗ ಗೊತ್ತಾಯ್ತು, ನನಗಿಂತ ಚೆನ್ನಾಗಿ ಅವರನ್ನ ಬಲ್ಲರು. ಆಕೆ ಬಗ್ಗೆ ಲೀಡಿಗೆ ಗೊತ್ತಿರೋದು ಒಂದು ಬಾವುಟ.

ನಿನ್ನೆ ಒಂದು ಇನ್ವೈಟ್ ಬಂದಿದೆ. ಮೀಟಿಂಗಲ್ಲಿ ಧೈರ್ಯವಾಗಿ ಮಾತಾಡೋದು ಹೇಗೆ ಅನ್ನೋ ಸೆಷನ್, ಏಷ್ಯಾ ಟೀಮಿನೋರಿಗೆ ಮಾತ್ರ. ಆಕೆ ಆಗಲೇ ಒಪ್ಪಿಗೆ ಒತ್ತಿದಾರೆ. ನಾನು ರಿಪ್ಲೈ ಆಲ್ ಕೊಟ್ಟು, ಇದಕ್ಕೆ ಮೀಟಿಂಗ್ ನಡೆಸೋರನ್ನೂ ಕರೀಬೋದಾ, ಜೊತೆಗೆ ಡಾಕ್ಯುಮೆಂಟಿನಲ್ಲಿ ಉತ್ತರ ಸಿಗದೇ ಬಿದ್ದಿರೋ ಕಾಮೆಂಟುಗಳನ್ನ ಪ್ರತಿ ಕಾಲ್ ಶುರುವಿಗೆ ಯಾರಾದ್ರೂ ಗಟ್ಟಿಯಾಗಿ ಓದಬೋದಾ ಅಂತ ಎರಡು ಪ್ರಶ್ನೆ ಕೇಳಿದೀನಿ. ಎರಡನೇದಕ್ಕೆ ಲೀಡ್ ಒಪ್ಪಿದಾರೆ, ರಿಲೀಸನ್ನೂ ಏಪ್ರಿಲ್ ಎರಡನೇ ವಾರಕ್ಕೆ ತಳ್ಳಿದಾರೆ. ಮೊದಲನೇದಕ್ಕೆ ಇನ್ನೂ ಉತ್ತರ ಬಂದಿಲ್ಲ.